ಇಪ್ಪತ್ತಮೂರೂವರೆ ಡಿಗ್ರಿ

ಆ ಸೋಮವಾರ ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಗಿಲ್ಬರ್ಟ್ ತನ್ನ ಫೋನನ್ನು ಹನ್ನೊಂದು ಸಲ ತೆಗೆದು ನೋಡಿದ. ಹಲ್ಲುಜ್ಜುತ್ತ ಒಮ್ಮೆ, ಚಹಾಕ್ಕೆ ನೀರಿಟ್ಟು ಒಮ್ಮೆ, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಒಮ್ಮೆ. ಪರದೆಯ ಮೇಲೆ ಇದ್ದದ್ದು ಒಂದೇ ಸಾಲು: ಬೆಡ್‌ರೂಮು, ವಾಲ್ವು ಸೊನ್ನೆ ಪರ್ಸೆಂಟ್. ಸೊನ್ನೆ ಎಂದರೆ ಮುಚ್ಚಿದೆ ಎಂದರ್ಥ. ಏಳು ಗಂಟೆಗೆ ತಾನಾಗಿ ತೆರೆದುಕೊಂಡು ಕೋಣೆಯನ್ನು ಇಪ್ಪತ್ತೆರಡು ಡಿಗ್ರಿಗೆ ತರಬೇಕೆಂದು ಅದಕ್ಕೆ ಅಪ್ಪಣೆಯಾಗಿತ್ತು. ಅಪ್ಪಣೆ ಮಾಡಿದವನು ಮಗ ರಯಾನ್, ಅದೂ ಎರಡು ಸಾವಿರ ಕಿಲೋಮೀಟರಿಗೂ ಆಚೆ ಪರ್ತ್‌ನಲ್ಲಿ ಕೂತು. ವಾಲ್ವು ಮಾತ್ರ ಜಪ್ಪಯ್ಯ ಎಂದರೂ ಜಗ್ಗಿರಲಿಲ್ಲ.

ಗಿಲ್ಬರ್ಟನ ಮನೆ ಇದ್ದದ್ದು ಅಡಿಲೇಡಿನ ಕಿಲ್ಬರ್ನ್‌ನಲ್ಲಿ. ಹಳೇ ಇಟ್ಟಿಗೆ ಮನೆ. ಹಿಂದಿನ ಯಜಮಾನ ಯಾವುದೋ ಹಿಮದ ದೇಶದಿಂದ ಬಂದ ಪೈಪ್ ಫಿಟ್ಟರ್. ಹಗಲು ಕಾರ್ಖಾನೆಯಲ್ಲಿ ದುಡಿದು ಬಂದು, ಸಂಜೆ ಹೊತ್ತು ತನ್ನ ಕೈಯಾರೆ ಹಿತ್ತಿಲಲ್ಲಿ ಬಾಯ್ಲರ್ ಕೂರಿಸಿ, ಪ್ರತಿ ಕಿಟಕಿಯ ಕೆಳಗೂ ಒಂದೊಂದು ಕಬ್ಬಿಣದ ರೇಡಿಯೇಟರ್ ಇಟ್ಟಿದ್ದ. ಅದರೊಳಗೆ ಬಿಸಿನೀರು ಹರಿದರೆ ಕೋಣೆ ಬೆಚ್ಚಗಾಗುತ್ತದೆ. ಈ ಊರಿನಲ್ಲಿ ಇಂಥ ಏರ್ಪಾಡು ಅಪರೂಪ. ಮನೆ ನೋಡಲು ಹೋದ ದಿನ ಗಿಲ್ಬರ್ಟ್ ಅಡುಗೆಮನೆಯನ್ನು ನೋಡಲಿಲ್ಲ, ಬಚ್ಚಲನ್ನು ನೋಡಲಿಲ್ಲ. ಪೈಪಿನ ಬೆಸುಗೆಗಳನ್ನು ಸವರಿ ನೋಡಿ ಇದೇ ಮನೆ ಎಂದುಬಿಟ್ಟಿದ್ದ.

ಎರಡು ಸಾವಿರದ ಹದಿನೆಂಟರ ಮೇ ತಿಂಗಳಲ್ಲಿ, ಇಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ, ರಯಾನ್ ಪರ್ತ್‌ನಿಂದ ನಾಲ್ಕು ಸ್ಮಾರ್ಟ್ ವಾಲ್ವುಗಳನ್ನು ಕಳಿಸಿದ. ರೇಡಿಯೇಟರಿನ ತುದಿಯಲ್ಲಿ ಕೈಯಿಂದ ತಿರುಗಿಸುವ ತಿರುಪನ್ನು ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸಬೇಕು. ಒಳಗೊಂದು ಪುಟ್ಟ ಮೋಟರು, ಒಂದು ಪುಟ್ಟ ಥರ್ಮಾಮೀಟರು. ಕೋಣೆಯ ಶಾಖ ನೋಡಿಕೊಂಡು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ, ಫೋನಿನಿಂದ ಹೇಳಿದ ಮಾತನ್ನೂ ಕೇಳುತ್ತದೆ. ಕೇಳಬೇಕು.

ಮೂರು ವಾಲ್ವುಗಳನ್ನು ಗಿಲ್ಬರ್ಟ್ ಪೆಟ್ಟಿಗೆಯ ಮೇಲೆ ಬರೆದ ಹಾಗೆ ಕೂರಿಸಿದ. ಬೆಡ್‌ರೂಮಿನದಕ್ಕೆ ಮಾತ್ರ ವಿಶೇಷ ಉಪಚಾರ ನಡೆಯಿತು. ಇಪ್ಪತ್ತೆರಡು ವರ್ಷ ದೋಹಾದ ಹೋಟೆಲುಗಳಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವನು ಅವನು. ಅಲ್ಲಿ ಕಲಿತ ಮೊದಲ ಪಾಠವೆಂದರೆ, ತಣ್ಣೀರು ಹರಿಯುವ ಪೈಪನ್ನು ಬೆರಳಗಲ ಬೆತ್ತಲೆ ಬಿಟ್ಟರೂ ಅದು ಬೆವರುತ್ತದೆ, ಬೆಳಗಾಗುವಷ್ಟರಲ್ಲಿ ಸೀಲಿಂಗಿನ ಮೇಲೆ ಕಲೆ ಮೂಡುತ್ತದೆ, ಮಧ್ಯಾಹ್ನದೊಳಗೆ ಫೋರ್ಮನ್ನನ ಬೈಗುಳ ಬೀಳುತ್ತದೆ. ಪೈಪು, ಕೀಲು, ವಾಲ್ವು ಯಾವುದನ್ನೂ ಬಿಡದೆ ಕಪ್ಪು ಫೋಮ್ ಸುತ್ತಿ ಅಂಟು ಹಾಕಿ ಮುಚ್ಚಬೇಕು. ಇಲ್ಲಿಯೂ ಹಾಗೇ ಮಾಡಿದ. ಬಿಸಿ ಎಲ್ಲೂ ಸೋರಿಹೋಗದೆ ನೇರ ಹೆಂಡತಿಯ ಹಾಸಿಗೆಯ ಬಳಿಗೇ ಬರಲಿ ಎಂದು ಗೋಡೆಯಿಂದ ಹೊರಟ ಪೈಪಿಗೂ, ಅದರ ತುದಿಯ ವಾಲ್ವಿಗೂ ಫೋಮ್ ಕತ್ತರಿಸಿ ಸುತ್ತಿದ. ಎಷ್ಟು ಡಿಗ್ರಿ ಕೇಳಿದೆ ಎಂಬ ಅಂಕೆ ಕಾಣುವಷ್ಟು ಮುಖ ಮಾತ್ರ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ ಮೇಲೆ ವಾಲ್ವು ಮಂಕಿ ಟೋಪಿ ಹಾಕಿದ ಕೂಸಿನ ಹಾಗೆ ಕಂಡಿತು. ಹೆಂಡತಿಯ ಮೇಲಿನ ಪ್ರೀತಿಯನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದ ಮನುಷ್ಯ ಅವನು; ಏನಿದ್ದರೂ ಫೋಮು, ಅಂಟು, ಕತ್ತರಿ.

ಆ ಸೋಮವಾರ ಏಳೂ ನಲವತ್ತಕ್ಕೆ ಹೆಂಡತಿ ಎಸ್ತರ್ ಕೆಲಸದಿಂದ ಬಂದಳು. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಎಂಟೂವರೆಗೆ ಮಲಗಿದರೆ ಮೂರೂವರೆಯ ತನಕ ನಿದ್ದೆ ಮಾಡಬೇಕು, ಮಾಡದಿದ್ದರೆ ಅಂದಿನ ರಾತ್ರಿಯ ಪಾಳಿ ನಡೆಯದು. ಗಿಲ್ಬರ್ಟ್ ಅದೇ ಕೋಣೆಯಲ್ಲಿ ಮಲಗುವುದು ರಾತ್ರಿ. ಆಗ ಕೋಣೆ ತಣ್ಣಗಿರಲೆಂದು ಅವನೇ ಮಗನಿಗೆ ಹೇಳಿ ಹದಿನಾರು ಡಿಗ್ರಿಗೆ ಇಳಿಸಿಕೊಂಡಿದ್ದ. ಏಸಿಯಲ್ಲಿ ಮಲಗಿ ಮಲಗಿ ಅವನಿಗೆ ಚಳಿಯಿಲ್ಲದೆ ನಿದ್ದೆ ಹತ್ತದು.

"ಇವತ್ತೂ ಇಲ್ವಾ?" ಎಂದಳು ಎಸ್ತರ್, ಕೋಣೆಯ ಬಾಗಿಲಲ್ಲೇ ನಿಂತು.

"ಈಗ ಆಗ್ತದೆ. ಹತ್ತು ನಿಮಿಷ."

"ನಿನ್ನೇನೂ ಹತ್ತು ನಿಮಿಷ ಅಂದ್ರಿ ಕಣ್ರೀ." ಎರಡೂ ಕೈಗಳನ್ನು ಅವನ ಮುಂದೆ ಹಿಡಿದಳು. ಬೆರಳ ತುದಿಗಳು ಮೇಣದಂತೆ ಬಿಳಿಚಿದ್ದವು. ಚಳಿ ತಗುಲಿದರೆ ಅವಳ ಬೆರಳಿನಲ್ಲಿ ಸ್ಪರ್ಶವೇ ಇರುತ್ತಿರಲಿಲ್ಲ. ರೋಗಿಯ ಕೈಯಲ್ಲಿ ನರ ಹುಡುಕಿ ಸೂಜಿ ಚುಚ್ಚುವವಳಿಗೆ ಬೆರಳೇ ಕಣ್ಣು.

ಅವಳು ಹಾಸನದ ಕಡೆಯ ಕನ್ನಡ ಕ್ರೈಸ್ತಳು, ಅವನು ಶಿರ್ವದ ಕೊಂಕಣಿ ಮನೆಯವನು. ಮದುವೆಯಾದ ಮೇಲೆ ಮನೆಯಲ್ಲಿ ಗೆದ್ದದ್ದು ಅವಳ ಕನ್ನಡ. ಅವನದು ಕರಾವಳಿಯ ಎಂಥ, ಉಂಟು, ಮಾರಾಯ ಬೆರೆತ ಕನ್ನಡ. ಮಕ್ಕಳಿಬ್ಬರದು ಅರ್ಧ ಅಮ್ಮನದು, ಇನ್ನರ್ಧ ಇಂಗ್ಲಿಷು.

ಗಿಲ್ಬರ್ಟ್ ಅಡುಗೆಮನೆಗೆ ಹೋಗಿ ಮಗನಿಗೆ ಫೋನು ಹಚ್ಚಿದ.

"ಎಂಥ ಮಾರಾಯ ಇದು? ನಿನ್ನ ವಾಲ್ವು ಏಳುವುದೇ ಇಲ್ಲ."

"ಡ್ಯಾಡಿ, ಇಲ್ಲಿ ಇನ್ನೂ ಆರು ಗಂಟೆ," ಎಂದ ರಯಾನ್ ನಿದ್ದೆಗಣ್ಣಲ್ಲಿ. ಅವನ ಮನೆ ಪರ್ತ್ ಬಳಿಯ ಹ್ಯಾರಿಸ್‌ಡೇಲ್‌ನಲ್ಲಿ; ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕಾರ್ಮಿಕರ ಪಾಳಿಪಟ್ಟಿ ಮಾಡುವ ಕೆಲಸ. ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು ಎಂದು ಬರೆದಿಡುವುದರಲ್ಲಿ ಅವನಿಗೆ ದೈವಭಕ್ತಿಯಷ್ಟು ಶ್ರದ್ಧೆ.

"ಅಲ್ಲಿ ಎಷ್ಟಾದರೆ ನನಗೆ ಎಂಥ? ಇಲ್ಲಿ ನಿನ್ನ ಅಮ್ಮ ನಡುಗ್ತಾ ಇದ್ದಾಳೆ."

ರಯಾನನ ನಿದ್ದೆ ಪೂರ್ತಿ ಬಿಟ್ಟಿತು. "ಅಯ್ಯೋ, ಡ್ಯಾಡಿ. ಅಕೌಂಟು ಪರ್ತ್ ಟೈಮಲ್ಲಿದೆ. ಏಳು ಗಂಟೆ ಕಮಾಂಡು ನಿಮ್ಮಲ್ಲಿ ಎಂಟೂವರೆಗೆ ಬರ್ತಿದೆ. ಸಾರಿ, ಈಗ್ಲೇ ಬದಲಾಯಿಸ್ತೀನಿ."

ಗಿಲ್ಬರ್ಟ್ ಗೆದ್ದವನ ಹಾಗೆ ಕೆಲಸಕ್ಕೆ ಹೋದ. ಉಳಿದ ಮೂರು ಕೋಣೆಗಳಿಗೆ ದಿನವಿಡೀ ಒಂದೇ ಶಾಖ, ಹಾಗಾಗಿ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮರುದಿನ ಏಳಕ್ಕೆ ಸರಿಯಾಗಿ ಕಮಾಂಡು ಬಂತು, ತಲುಪಿತು ಎಂದು ಹಸಿರು ಗುರುತೂ ಮೂಡಿತು. ವಾಲ್ವು ಸೊನ್ನೆಯಲ್ಲೇ ಕೂತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು.

ಆ ವಾರವೆಲ್ಲ ಗಿಲ್ಬರ್ಟ್ ಕಾಲು ಸುಟ್ಟ ಬೆಕ್ಕಾದ. ಸಂಜೆ ಕೆಲಸದಿಂದ ಬಂದವನು ಊಟಕ್ಕೂ ಕೂರದೆ ರೇಡಿಯೇಟರಿನ ಮುಂದೆ ಮಂಡಿಯೂರುವುದು, ಫೋಮ್ ಬಿಚ್ಚುವುದು, ವಾಲ್ವನ್ನು ಕಳಚುವುದು. ಬ್ಯಾಟರಿ ಬದಲಾಯಿಸಿದ. ಒಳಗಿನ ಕಡ್ಡಿ ಸಿಕ್ಕಿಕೊಂಡಿದೆಯೇ ಎಂದು ಒತ್ತಿ ನೋಡಿದ, ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಆಡಿತು. ಹತ್ತು ಸೆಕೆಂಡು ಗುಂಡಿ ಅದುಮಿ ಹಿಡಿದು ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡಿದ. ಆಮೇಲೆ ಫೋನಿನಿಂದ ತೆರೆ ಎಂದರೆ ತೆರೆಯಿತು, ಮುಚ್ಚು ಎಂದರೆ ಮುಚ್ಚಿತು, ಅಷ್ಟು ವಿಧೇಯ. ಸರಿಹೋಯಿತು ಎಂದು ಮತ್ತೆ ಫೋಮ್ ಸುತ್ತಿ, ಮೊನ್ನೆಗಿಂತ ಚೆಂದವಾಗಿ ಅಂಟು ಹಾಕಿ ಎದ್ದ. ಮರುದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಸೊನ್ನೆ.

ಹೀಗೆ ಮೂರು ಸಲ ಬಿಚ್ಚಿದ, ಮೂರು ಸಲ ಮುಚ್ಚಿದ. ಅವನು ಎದುರಿಗಿದ್ದಾಗ ಮಾತು ಕೇಳುವುದು, ಮಗನ ಪಾಳಿಪಟ್ಟಿಯ ಮಾತು ಕೇಳದಿರುವುದು. ಇದರಿಂದ ಗಿಲ್ಬರ್ಟನಿಗೆ ತಪ್ಪು ಪರ್ತ್‌ನದೇ ಎಂದು ಖಾತ್ರಿಯಾಯಿತು.

"ನನ್ನ ಕೆಲಸದಲ್ಲಿ ಎಂಥದ್ದೂ ತೊಂದರೆ ಇಲ್ಲ. ನಿನ್ನ ಕಮಾಂಡೇ ಸರಿ ಇಲ್ಲ," ಎಂದ ಫೋನಿನಲ್ಲಿ.

"ಕಮಾಂಡ್ ಹೋಗ್ತಿದೆ ಡ್ಯಾಡಿ, ಅದು ತಗೋತಾನೂ ಇದೆ. ಯಾಕೆ ತೆರೀತಿಲ್ಲ ಅಂತ ಗೊತ್ತಾಗ್ತಿಲ್ಲ." ರಯಾನನೂ ಸೋತಿದ್ದ. ನಿಯಮಗಳನ್ನೆಲ್ಲ ಅಳಿಸಿ ಎರಡು ಸಲ ಹೊಸದಾಗಿ ಬರೆದಿದ್ದ. ಆ ಶುಕ್ರವಾರ, ಯಾವತ್ತೂ ತೆರೆಯದ ಇನ್ನೊಂದು ಪುಟವನ್ನು ತೆರೆದ. "ಒಂದ್ನಿಮಿಷ. ಡ್ಯಾಡಿ, ರೂಮು ಆಗ್ಲೇ ಇಪ್ಪತ್ತಮೂರೂವರೆ ಇದೆ. ನಾವು ಕೇಳ್ತಿರೋದು ಇಪ್ಪತ್ತೆರಡು. ಅದು ಯಾಕೆ ತೆರೆಯುತ್ತೆ? ತೆರೆಯೋ ಅಗತ್ಯಾನೇ ಇಲ್ಲ."

"ಇಪ್ಪತ್ತಮೂರೂವರೆಯಾ?"

"ನಿನ್ನೇನೂ ಅಷ್ಟೇ. ಮೊನ್ನೇನೂ ಅಷ್ಟೇ. ರೂಮು ಬೆಚ್ಚಗಿದೆ ಡ್ಯಾಡಿ. ಪ್ರಾಬ್ಲಮ್ ವಾಲ್ವಲ್ಲಿ ಇಲ್ಲ."

ಹಾಗಾದರೆ ಎಲ್ಲಿದೆ ಎಂದು ಅವನು ಹೇಳಲಿಲ್ಲ, ಗಿಲ್ಬರ್ಟ್ ಕೇಳಲೂ ಇಲ್ಲ. ಇಬ್ಬರಿಗೂ ಹೊಳೆದದ್ದು ಒಂದೇ.

ದೋಹಾದಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಹೋಟೆಲಿನ ಅತಿಥಿ ಚಳಿ ಎಂದೋ ಸೆಕೆ ಎಂದೋ ದೂರು ಕೊಟ್ಟರೆ ಮೆಕ್ಯಾನಿಕ್ ವಾದಕ್ಕಿಳಿಯಬಾರದು. ಗೋಡೆಯ ಮೇಲಿನ ಅಂಕೆಯನ್ನು ತೋರಿಸಬೇಕು, ಕಾಗದದಲ್ಲಿ ಬರೆಯಬೇಕು, ಅತಿಥಿಯ ಸಹಿ ಹಾಕಿಸಿಕೊಂಡು ನಮಸ್ಕಾರ ಹೇಳಿ ಬರಬೇಕು. ಅಂಕೆ ನೋಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತೆಪ್ಪಗಾಗುತ್ತಿದ್ದರು. ಮರುದಿನ ಬೆಳಿಗ್ಗೆ ಎಸ್ತರ್ ಬಾಗಿಲಿಗೆ ಬಂದು ನಿಂತಾಗ ಗಿಲ್ಬರ್ಟ್ ಮಾಡಿದ್ದೂ ಅದನ್ನೇ. ಸಹಿಯೊಂದು ಹಾಕಿಸಿಕೊಳ್ಳಲಿಲ್ಲ, ಪುಣ್ಯ.

"ನೋಡು," ಎಂದು ಫೋನು ತೋರಿಸಿದ. "ಇಪ್ಪತ್ತಮೂರೂವರೆ ಉಂಟು. ರೂಮು ಬೆಚ್ಚಗೇ ಉಂಟು."

ಎಸ್ತರ್ ಅಂಕೆಯನ್ನು ನೋಡಿದಳು. ಅವಳೂ ಅಂಕೆಗಳನ್ನು ನಂಬಿ ಬದುಕಿದವಳೇ. ರಾತ್ರಿಯಿಡೀ ಅವಳು ಬರೆಯುವುದು ಜ್ವರ, ನಾಡಿ, ರಕ್ತದೊತ್ತಡ. ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು. "ಹಾಗಾದ್ರೆ ನನಗೇ ಏನೋ ಆಗಿರ್ಬೇಕು," ಎಂದಳು.

ಸುದ್ದಿ ಬ್ರಿಸ್ಬೇನಿಗೆ ಹೋಯಿತು. ಮಗಳು ರೊವೆನಾ ಆ ಊರಿನ ನಾರ್ತ್ ಲೇಕ್ಸ್‌ನಲ್ಲಿ ಗಂಡನೊಂದಿಗೆ ಇದ್ದಾಳೆ, ಅಲ್ಲಿನ ದೊಡ್ಡ ಮಾಲಿನ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಥೈರಾಯ್ಡ್ ನೋಡಿಸಿ ಮಮ್ಮಿ, ಐರನ್ ನೋಡಿಸಿ, ಈ ವಯಸ್ಸಲ್ಲಿ ಹಾರ್ಮೋನು ಏರುಪೇರಾಗುತ್ತೆ ಎಂದಳು. ಎಸ್ತರ್ ರಕ್ತ ಕೊಟ್ಟು ಬಂದಳು. ಎಲ್ಲ ಸರಿಯಿದೆ ಎಂದು ಬಂತು. ಇನ್ನೊಂದು ಸಲ ಕೊಟ್ಟಳು, ಆಗಲೂ ಸರಿಯಿತ್ತು. ಅಲ್ಲಿಂದ ಮುಂದೆ ಅವಳು ಚಳಿಯ ಮಾತೆತ್ತುವುದನ್ನೇ ಬಿಟ್ಟಳು. ಬರುವಳು, ಎರಡು ಸ್ವೆಟರ್ ಹಾಕುವಳು, ಬಿಸಿನೀರಿನ ಚೀಲ ತಬ್ಬಿಕೊಂಡು ಗೋಡೆಗೆ ಮುಖ ಮಾಡಿ ಮಲಗುವಳು.

ವಾಲ್ವಿನ ಮೇಲಿದ್ದ ಅಪವಾದ ಕಳೆಯಿತು, ಗಿಲ್ಬರ್ಟನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕೆಲಸದ ನಡುವೆ ಫೋನು ತೆಗೆದು ಅಂಕೆ ನೋಡುವ ಚಟ ಇನ್ನೂ ಹೆಚ್ಚಿತು. ಇಪ್ಪತ್ತಮೂರೂವರೆ ಎಂದು ಕಂಡ ಕೂಡಲೇ ಫೋನು ಜೇಬಿಗಿಡುವುದು, ಐದು ನಿಮಿಷಕ್ಕೆ ಮತ್ತೆ ತೆಗೆಯುವುದು.

ಜುಲೈ ಕೊನೆಯ ಭಾನುವಾರ, ಪೂಜೆ ಮುಗಿಸಿ ಚರ್ಚಿನಿಂದ ಬರುವಾಗ, ಕಾರಿನಲ್ಲಿ ಎಸ್ತರ್ ಬಾಯಿ ಬಿಟ್ಟಳು.

"ಬ್ರಿಸ್ಬೇನಲ್ಲಿ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದೆ. ಸಿಕ್ಕಿದೆ. ಶುಕ್ರವಾರ ಅವರ ಟೈಮು ಐದು ಗಂಟೆಯೊಳಗೆ ಹೂಂ ಅನ್ಬೇಕು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತಾರೆ."

ಗಿಲ್ಬರ್ಟ್ ಹಸಿರು ದೀಪ ಬಿದ್ದರೂ ಕಾರು ಬಿಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

"ನನಗೇನು ಹೋಗೋಕೆ ಇಷ್ಟ ಇದ್ಯಾ?" ಎಂದಳು. "ಐದು ವರ್ಷದ ವಾರ್ಡು. ಮಗಳ ಮನೆ ಹಿಂದಿನ ರೂಮಲ್ಲಿ ನೆಂಟರ ಹಾಗೆ ಇರೋದು ಯಾರಿಗೆ ಬೇಕು? ಆದ್ರೆ ಈ ಊರು ನನ್ನ ಮೈಗೆ ಆಗ್ತಿಲ್ಲ, ಬ್ರಿಸ್ಬೇನಲ್ಲಿ ಇಷ್ಟು ಚಳಿ ಇಲ್ಲ. ಬೆಚ್ಚಗಿರೋ ರೂಮಲ್ಲೂ ನಡುಗ್ತೀನಿ ಅಂದ್ರೆ ಇನ್ನೇನು ಹೇಳಿ."

"ನನ್ನ ಕೆಲಸ?"

"ನೀವು ಬರ್ಬೇಕು ಅಂತ ನಾನು ಹೇಳ್ಲಿಲ್ಲ."

ಆ ಮಾತು ಬಿಸಿ ತುಪ್ಪವಾಗಿ ಗಂಟಲಲ್ಲಿ ನಿಂತಿತು, ನುಂಗಲೂ ಆಗದು ಉಗುಳಲೂ ಆಗದು. ಈ ದೇಶಕ್ಕೆ ಬಂದ ಮೇಲೆ ನಾಲ್ಕು ವರ್ಷ ಗಿಲ್ಬರ್ಟ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ್ದ. ದೋಹಾದ ಕೆಲಸಕ್ಕೆ ಇಲ್ಲಿ ಬೆಲೆಯಿಲ್ಲ. ಪರೀಕ್ಷೆ, ಕಾಗದ, ಮತ್ತೆ ಪರೀಕ್ಷೆ. ಕಳೆದ ಮಾರ್ಚಿನಲ್ಲಿ ಕೊನೆಗೂ ಲೈಸೆನ್ಸ್ ಸಿಕ್ಕಿ ಕಿಲ್ಬರ್ನ್‌ನದೇ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಬೇರೆ ರಾಜ್ಯಕ್ಕೆ ಹೋದರೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಯಾರ ಮೇಜಿನ ಮುಂದೆ ನಿಂತು ನನಗೆ ಕೆಲಸ ಗೊತ್ತುಂಟು ಎನ್ನಬೇಕೋ. ಅವಳು ಹೋಗಿ ಅವನು ಉಳಿದರೆ ಇಪ್ಪತ್ತೆಂಟು ವರ್ಷದ ಸಂಸಾರ ಎರಡು ಊರಾಗುತ್ತದೆ. ಇದನ್ನೆಲ್ಲ ಅವಳಿಗೆ ಹೇಳಬೇಕೆಂದು ಸೋಮವಾರ ಅಂದುಕೊಂಡ, ಮಂಗಳವಾರ ಅಂದುಕೊಂಡ. ಬುಧವಾರ ಬಾಯಿ ತೆರೆದವನು ಸಕ್ಕರೆ ಮುಗಿದಿದೆ ಎಂದ.

ಶುಕ್ರವಾರ ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಒಂದೇ ಬೋಲ್ಟನ್ನು ಮೂರು ಸಲ ಬಿಗಿಮಾಡಿದ. ಮೇಲ್ವಿಚಾರಕ ಕಾಲಿನ್ ಅದನ್ನು ನೋಡಿ ಸ್ಪ್ಯಾನರ್ ಕಿತ್ತುಕೊಂಡು, ಇವತ್ತು ನಿನ್ನ ತಲೆ ಇಲ್ಲಿಲ್ಲ, ಮನೆಗೆ ಹೋಗು ಮೇಟ್ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ.

ಹನ್ನೊಂದು ಗಂಟೆಗೆ ಮನೆಗೆ ಬಂದ. ಎಸ್ತರ್ ಮಲಗಿದ್ದಳು. ಅವಳ ಫೋನು ಎಂದಿನಂತೆ ಅಡುಗೆಮನೆಯ ಮೇಜಿನ ಮೇಲಿತ್ತು. ನಿದ್ದೆಗೆ ಅಡ್ಡಿಯಾಗಬಾರದೆಂದು ಅಲ್ಲೇ ಇಟ್ಟು ಮಲಗುವುದು ಅವಳ ರೂಢಿ. ಅಲಾರಂ ಇಟ್ಟುಕೊಳ್ಳುತ್ತಿರಲಿಲ್ಲ. ಈ ಎರಡು ತಿಂಗಳಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಚಳಿಯೇ ಅವಳನ್ನು ಎಬ್ಬಿಸುತ್ತಿತ್ತು.

ಹೋಗಬೇಡ ಎಂದು ಹೇಳಲು ಬಂದಿದ್ದ. ಮಲಗಿದವಳನ್ನು ಎಬ್ಬಿಸುವಂತಿಲ್ಲ. ಬೂಟು ಬಿಚ್ಚಿ, ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ನೆಲದ ಮೇಲೆ ಗೋಡೆಗೊರಗಿ ಕೂತ. ಎದ್ದ ಕೂಡಲೇ ಹೇಳಿಬಿಡಬೇಕು, ಈ ಸಲ ಸಕ್ಕರೆಯ ಮಾತು ಬರಬಾರದು.

ಹತ್ತು ನಿಮಿಷ ಕೂತ. ಕಾಲು ಮಡಿಸಿಕೊಂಡ. ಇಪ್ಪತ್ತು ನಿಮಿಷಕ್ಕೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅರ್ಧ ಗಂಟೆಯಾಗುವಾಗ ಮೂಗಿನ ತುದಿ ಮರಗಟ್ಟಿತ್ತು, ಬಾಯಿಂದ ಬಿಟ್ಟ ಉಸಿರು ತೆಳ್ಳಗೆ ಕಣ್ಣಿಗೆ ಕಂಡಿತು. ಹಗಲು ಹೊತ್ತಿನಲ್ಲಿ ಈ ಕೋಣೆಯಲ್ಲಿ ಇಷ್ಟು ಹೊತ್ತು ಅವನು ಕೂತದ್ದು ಇದೇ ಮೊದಲು. ಫೋನು ತೆಗೆದ. ಇಪ್ಪತ್ತಮೂರೂವರೆ.

ಅಂಕೆಯನ್ನು ನೋಡಿದ, ತನ್ನ ಉಸಿರನ್ನು ನೋಡಿದ. ಮಂಡಿಯ ಮೇಲೆ ತೆವಳಿಕೊಂಡು ಹೋಗಿ ರೇಡಿಯೇಟರ್ ಮುಟ್ಟಿದ. ತಣ್ಣಗೆ ಕೊರೆಯುತ್ತಿತ್ತು. ಕೈಯನ್ನು ವಾಲ್ವಿನ ಕಡೆ ಸರಿಸಿ ಫೋಮಿನ ಮೇಲೆ ಅಂಗೈ ಇಟ್ಟ. ಫೋಮ್ ಬೆಚ್ಚಗಿತ್ತು. ಆ ಇಡೀ ಕೋಣೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಬಾಯ್ಲರಿನಿಂದ ಬಂದ ಬಿಸಿ ಪೈಪಿನ ತುದಿಯವರೆಗೆ ಬಂದು ನಿಲ್ಲುತ್ತಿತ್ತು. ಅದರ ಸುತ್ತ ಅವನ ಫೋಮ್, ಆ ಫೋಮಿನೊಳಗೇ ವಾಲ್ವಿನ ಪುಟ್ಟ ಥರ್ಮಾಮೀಟರ್. ಹೊರಗಿನ ಕೋಣೆ ಹೇಗಿದೆ ಎಂದು ತಿಳಿಯಲು ಅದಕ್ಕೆ ಒಂದು ಕಿಂಡಿಯನ್ನೂ ಅವನು ಬಿಟ್ಟಿರಲಿಲ್ಲ. ಟೋಪಿಯೊಳಗಿನ ಶಾಖವನ್ನೇ ಕೋಣೆಯ ಶಾಖವೆಂದು ತಿಳಿದು ಅದು ಮುಚ್ಚಿಕೊಂಡು ಕೂತಿತ್ತು. ಸಂಜೆ ಪರೀಕ್ಷೆಗೆಂದು ಫೋಮ್ ಬಿಚ್ಚಿದಾಗಲೆಲ್ಲ ಮಾತು ಕೇಳಿದ್ದೂ ಅದಕ್ಕೇ. ಪೆಟ್ಟಿಗೆಯ ಮೇಲೆ ಬರೆದ ಹಾಗೆ ಕೂರಿಸಿದ ಮೂರು ಕೋಣೆಗಳು ಬೆಚ್ಚಗಿದ್ದವು. ಪ್ರೀತಿಯಿಂದ ಕೂರಿಸಿದ ಕೋಣೆಯೊಂದೇ ತಣ್ಣಗಿತ್ತು. ಗಿಲ್ಬರ್ಟನಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು.

ಸದ್ದಾಗದಂತೆ ಚಾಕುವಿನಿಂದ ಫೋಮನ್ನು ಸೀಳಿ ತೆಗೆದ. ಫೋನಿನ ಪರದೆಯ ಅಂಕೆ ಇಪ್ಪತ್ತೊಂದಾಯಿತು, ಹದಿನೆಂಟಾಯಿತು, ಹದಿನೈದಾಯಿತು. ಮೋಟರು ಸಣ್ಣಗೆ ಗುರ್ ಎಂದು ತಿರುಗಿತು. ಪೈಪಿನೊಳಗೆ ನೀರು ನುಗ್ಗಿದ ಸದ್ದು ಕೇಳಿತು. ಕೈಯಲ್ಲಿ ಫೋನು ನಡುಗಿತು. ಗಿಲ್ಬರ್ಟ್ ಹೊರಗೋಡಿ ಬಾಗಿಲು ಎಳೆದುಕೊಂಡ.

"ಡ್ಯಾಡಿ, ಏನ್ ಮಾಡಿದ್ರಿ?" ಎಂದ ರಯಾನ್. "ಬೆಡ್‌ರೂಮು ಹದಿಮೂರು ಅಂತ ತೋರಿಸ್ತಿದೆ. ಚೆನ್ನಾಗಿದ್ದಿದ್ದನ್ನ ಕೆಡಿಸಿಬಿಟ್ರಾ?"

"ಈಗ ಸರಿಯಾಯ್ತು," ಎಂದು ಗಿಲ್ಬರ್ಟ್ ಫೋನು ಇಟ್ಟುಬಿಟ್ಟ.

ಒಂದು ಗಂಟೆಯಾಯಿತು, ಎಸ್ತರ್ ಏಳಲಿಲ್ಲ. ಎರಡಾಯಿತು. ಬಾಗಿಲು ಸರಿಸಿ ನೋಡಿದ. ಕೋಣೆ ಇಪ್ಪತ್ತೊಂದಕ್ಕೆ ಬಂದಿತ್ತು. ಅವಳು ಮಗ್ಗುಲು ಬದಲಿಸಿ, ಎರಡೂ ಕೈಗಳನ್ನು ಕಂಬಳಿಯಿಂದ ಹೊರಗೆ ಚಾಚಿ ಮಲಗಿದ್ದಳು. ಬೆರಳುಗಳಲ್ಲಿ ರಕ್ತವಾಡಿತ್ತು. ಅವಳು ಹೀಗೆ ಮೈಮರೆತು ಮಲಗಿದ್ದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು.

ಮೂರೂ ಮುಕ್ಕಾಲಿಗೆ ಅಡುಗೆಮನೆಯ ಮೇಜಿನ ಮೇಲೆ ಅವಳ ಫೋನು ಬಡಿದುಕೊಂಡಿತು. ಬ್ರಿಸ್ಬೇನಿನ ನಂಬರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಆಮೇಲೆ ಒಂದು ಸಂದೇಶ ಬಂತು: ಐದು ಗಂಟೆಯೊಳಗೆ ನಿಮ್ಮ ಉತ್ತರ ಬೇಕು, ಇನ್ನೊಮ್ಮೆ ಕರೆ ಮಾಡುತ್ತೇವೆ.

ಬ್ರಿಸ್ಬೇನು ಅರ್ಧ ಗಂಟೆ ಮುಂದೆ, ಅಲ್ಲಿ ಆಗಲೇ ನಾಲ್ಕೂಕಾಲು. ಉಳಿದದ್ದು ಮುಕ್ಕಾಲು ಗಂಟೆ. ಗಿಲ್ಬರ್ಟ್ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತು ಒಂದು ಲೋಟ ಚಹಾ ಕುಡಿದರೆ ಸಾಕು, ಬ್ರಿಸ್ಬೇನು ತಾನಾಗಿ ಕೈಬಿಟ್ಟುಹೋಗುತ್ತಿತ್ತು. ರಾತ್ರಿಯೆಲ್ಲ ದುಡಿದ ಜೀವ, ಅಪರೂಪಕ್ಕೆ ನಿದ್ದೆ ಹತ್ತಿದೆ, ಎಬ್ಬಿಸುವುದು ಪಾಪ ಎಂದರೆ ಯಾರು ತಾನೇ ಅಲ್ಲವೆನ್ನುತ್ತಾರೆ? ನೀರಿಟ್ಟ. ನೀರು ಕುದಿಯಿತು, ಚಹಾ ಪುಡಿ ಹಾಕಲಿಲ್ಲ. ಹಿತ್ತಿಲಿಗೆ ಹೋಗಿ ಬಾಯ್ಲರ್ ನೋಡಿ ಬಂದ. ಗಡಿಯಾರದಲ್ಲಿ ನಾಲ್ಕಾಗಿತ್ತು. ಕೂತ, ಎದ್ದ, ಮತ್ತೆ ಕೂತ. ಎರಡು ತಿಂಗಳು ಅವಳ ಮಾತನ್ನು ಕೇಳದ ತಪ್ಪು ಗೊತ್ತಿಲ್ಲದೆ ಮಾಡಿದ್ದು. ಇದನ್ನು ಮಾತ್ರ ಗೊತ್ತಿದ್ದೇ ಮಾಡಿದಂತಾಗುತ್ತಿತ್ತು. ಅವನು ಫೋನು ಎತ್ತಿಕೊಂಡು ಕೋಣೆಗೆ ಹೋದ.

"ಎಸ್ತರ್. ಏಳು. ಬ್ರಿಸ್ಬೇನಿನವರು ಫೋನ್ ಮಾಡಿದ್ದಾರೆ."

ಅವಳು ಕಣ್ಣು ಬಿಟ್ಟಳು. ಒಂದು ಗಳಿಗೆ ಅಲ್ಲಾಡದೆ ಮಲಗಿದ್ದು, ನಿಧಾನವಾಗಿ ಅಂಗೈಯನ್ನು ಹಣೆಯ ಮೇಲಿಟ್ಟುಕೊಂಡಳು. ಆಮೇಲೆ ಕುತ್ತಿಗೆಯ ಮೇಲೆ.

"ನನಗೆ ಜ್ವರ ಬಂದಿದ್ಯೇನ್ರೀ?" ಎಂದಳು. "ಮೈ ಬಿಸಿಬಿಸಿ ಅನ್ನಿಸ್ತಿದೆ."

"ಜ್ವರ ಅಲ್ಲ. ರೂಮು ಬೆಚ್ಚಗಾಗಿದೆ."

"ಯಾವಾಗ್ಲೂ ಬೆಚ್ಚಗೇ ಇತ್ತಲ್ಲ. ಇಪ್ಪತ್ತಮೂರೂವರೆ."

"ಇರಲಿಲ್ಲ. ಹದಿಮೂರಿತ್ತು." ಹಾಸಿಗೆಯ ಅಂಚಿನಲ್ಲಿ ಕೂತ. "ನಾನು ಫೋಮ್ ಸುತ್ತಿದ್ದು. ಅದರ ಒಳಗಿನ ಬಿಸಿಯನ್ನೇ ಅದು ರೂಮಿನದ್ದು ಅಂತ ತೋರಿಸ್ತಾ ಇತ್ತು. ಮಗನದ್ದು ತಪ್ಪಲ್ಲ, ವಾಲ್ವಿನದ್ದೂ ಅಲ್ಲ, ನಿನ್ನ ಮೈಯದ್ದೂ ಅಲ್ಲ. ನನ್ನದು."

ಎಸ್ತರ್ ಎದ್ದು ಕೂತಳು. ಕಿಟಕಿಯ ಕೆಳಗೆ ಬಿದ್ದಿದ್ದ ಕಪ್ಪು ತುಂಡುಗಳನ್ನು ನೋಡಿದಳು.

"ಎರಡು ಸಲ ರಕ್ತ ಕೊಟ್ಟೆ," ಎಂದಳು.

"ಗೊತ್ತುಂಟು."

"ನಿಮಗೇನೂ ಗೊತ್ತಿಲ್ಲ. ನನಗೆ ನನ್ನ ಮೈ ಮೇಲೇ ನಂಬಿಕೆ ಹೋಗಿತ್ತು ಕಣ್ರೀ. ವಾರ್ಡಲ್ಲಿ ಪೇಷಂಟ್ ಹಣೆ ಮುಟ್ಟಿದ್ರೆ, ಇದು ಬಿಸಿನೋ ತಣ್ಣಗೋ ಅಂತ ಎರಡೆರಡು ಸಲ ಮುಟ್ತಿದ್ದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋಳು."

ಅಷ್ಟರಲ್ಲಿ ಗಿಲ್ಬರ್ಟನ ಕೈಯಲ್ಲಿದ್ದ ಫೋನು ಮತ್ತೆ ಬಡಿದುಕೊಂಡಿತು. ಅವಳಿಗೆ ಕೊಟ್ಟ. ಅವಳು ಅದನ್ನು ತಕ್ಷಣ ಎತ್ತದೆ ಅವನ ಮುಖವನ್ನೇ ನೋಡಿದಳು.

"ಎಬ್ಬಿಸದೇ ಇದ್ದಿದ್ರೆ ನಿಮ್ಮ ಕೆಲಸ ಉಳೀತಿತ್ತು."

"ಹೌದು," ಎಂದ ಗಿಲ್ಬರ್ಟ್. "ಮೊದಲ ಸಲ ಬಂದಾಗ ಎಬ್ಬಿಸಲಿಲ್ಲ. ಹದಿನೈದು ನಿಮಿಷ ಹಾಗೇ ಕೂತಿದ್ದೆ."

ಅದನ್ನೂ ಹೇಳಬೇಕಾಗಿರಲಿಲ್ಲ, ಹೇಳಿಬಿಟ್ಟ. ಎಸ್ತರ್ ಗಂಟಲು ಸರಿಮಾಡಿಕೊಂಡು ಫೋನು ಕಿವಿಗಿಟ್ಟಳು. ವಾರ್ಡಿನ ಗಟ್ಟಿ ದನಿಯಲ್ಲಿ, ಇಂಗ್ಲಿಷಿನಲ್ಲಿ, ಅವಕಾಶ ಕೊಟ್ಟದ್ದಕ್ಕೆ ವಂದನೆ ಹೇಳಿದಳು. ತಾನು ಬರುತ್ತಿಲ್ಲ ಎಂದಳು. ಆ ಕಡೆಯವರು ಏನೋ ಕೇಳಿದರು. ಇಲ್ಲ, ಆರೋಗ್ಯದ ತೊಂದರೆ ಇದೆಯೆಂದು ತಪ್ಪು ತಿಳಿದುಕೊಂಡಿದ್ದೆ, ಅಂಥದ್ದೇನೂ ಇಲ್ಲ ಎಂದಳು.

ಗಿಲ್ಬರ್ಟನ ಎದೆಯಿಂದ ಭಾರವಿಳಿಯಿತು. ಅವಳ ಕೈ ಹಿಡಿಯಲು ಹೋದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇನ್ನೂ ಮುಗಿದಿಲ್ಲ. ಮಕ್ಕಳಿಗೆ ಫೋನ್ ಹಾಕಿ. ಇಬ್ಬರಿಗೂ ಒಟ್ಟಿಗೆ. ನನ್ನೆದುರಿಗೇ ಹೇಳಿ."

"ರಾತ್ರಿ ಹೇಳ್ತೇನೆ."

"ಈಗ."

ಹಾಕಿದ. ಪರ್ತ್‌ನಲ್ಲಿ ರಯಾನ್ ಮೀಟಿಂಗಿನಿಂದ ಹೊರಗೆ ಬಂದ, ನಾರ್ತ್ ಲೇಕ್ಸ್‌ನಲ್ಲಿ ರೊವೆನಾ ಔಷಧದಂಗಡಿಯ ಹಿಂದಿನ ಕೋಣೆಗೆ ಹೋದಳು. "ಮಮ್ಮಿ ಓಕೆನಾ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಗಿಲ್ಬರ್ಟ್ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಹೆಂಡತಿಯನ್ನು ನೋಡಿದ. ಅವಳು ನೆಟ್ಟಗೆ ಕೂತು ಕಾಯುತ್ತಿದ್ದಳು.

"ನಿಮ್ಮ ಅಮ್ಮನಿಗೆ ಎಂಥದ್ದೂ ಆಗಿರಲಿಲ್ಲ," ಎಂದ. ದನಿ ಒಡೆಯಿತು, ಮತ್ತೆ ಹೇಳಬೇಕಾಯಿತು. "ಎಂಥದ್ದೂ ಆಗಿರಲಿಲ್ಲ. ರೂಮಲ್ಲಿ ಚಳಿ ಇತ್ತು. ಅವಳು ಹೇಳಿದ್ದು ಸರಿ, ನಾವು ಕೇಳಲಿಲ್ಲ. ಕೆಡಿಸಿದ್ದು ನಾನು."

ರೊವೆನಾ ಸಣ್ಣ ದನಿಯಲ್ಲಿ "ಸಾರಿ ಮಮ್ಮಿ" ಎಂದಳು. ರಯಾನ್ ಏನೋ ಹೇಳಲು ಹೋಗಿ ತಡವರಿಸಿದ. ಅಲ್ಲಿಯತನಕ ನೆಟ್ಟಗೆ ಕೂತಿದ್ದ ಎಸ್ತರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಫೋನನ್ನು ಕಟ್ ಮಾಡಬೇಕೋ ಬೇಡವೋ ತಿಳಿಯದೆ ಗಿಲ್ಬರ್ಟ್ ಅದನ್ನು ಹಿಡಿದುಕೊಂಡೇ ಅವಳ ಪಕ್ಕದಲ್ಲಿ ಕೂತಿದ್ದ.